ಹನುಮನಹಳ್ಳಿ: ಹೊಳೆಯ ಈ ದಡ, ಆ ದಡ

ಆನೆಗೊಂದಿಯಿಂದ ಸಾಣಾಪುರದ ಕಡೆ ಹೊರಟರೆ ಅಂಜನಾದ್ರಿ ಬೆಟ್ಟ ದಾಟಿ ಸಿಗುವ ಊರು ಹನುಮನಹಳ್ಳಿ. ಋಷಿಮುಖ ಪರ್ವತ, ಪಂಪಾ ಸರೋವರ ನೆರೆಯಲ್ಲೇ ಇವೆ, ಹೊಳೆಯಾಚೆ ಹಂಪಿ. ಹನುಮ ಹುಟ್ಟಿದ್ದು ಅಂಜನಾದ್ರಿಯಲ್ಲೇ ಎಂಬುದು ಇಲ್ಲಿನವರ ನಂಬಿಕೆ. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ನೆತ್ತಿಯ ಮೇಲೆ ನಿಂತರೆ ಸುತ್ತಲೂ ಬಂಡೆಗಳ ರಾಶಿ, ಬುಡದಲ್ಲಿ ಭತ್ತ, ಬಾಳೆ, ತೆಂಗು, ನಡುವೆ ಬಳಸಿ ಹರಿಯುವ ತುಂಗಭದ್ರೆ. ಮಾರ್ಗಶಿರದಲ್ಲಿ ಹನುಮಮಾಲಾಧಾರಿಗಳು ಬಂದರೆಂದರೆ ಮೆಟ್ಟಿಲುಗಳೆಲ್ಲ ಕೇಸರಿ.

ಈ ಹೊಳೆ ಬಹಳ ಕಾಲ ಗಡಿಯಾಗಿತ್ತು. 1948ರವರೆಗೆ ಈ ದಡದಲ್ಲಿ ನಿಜಾಮರ ಆಳ್ವಿಕೆ. ಆ ದಡದ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದ್ದು. 1956ರಲ್ಲಿ ಈ ದಡ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು.

ಇತ್ತೀಚಿನ ರಾಜಕೀಯದಲ್ಲೂ ಹೊಳೆ ದಾಟಿದ ಕಥೆಯೊಂದಿದೆ. ಬಳ್ಳಾರಿಯ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಮಗ ಗಾಲಿ ಜನಾರ್ದನ ರೆಡ್ಡಿ, ಓಬಳಾಪುರಂ ಮೈನಿಂಗ್ ಕಂಪನಿಯಿಂದ ಗಣಿಧಣಿಯಾದರು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ಕಾಲವದು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸ್ಪರ್ಧಿಸಿದ್ದ ಬಿಜೆಪಿಯ ಸುಷ್ಮಾ ಸ್ವರಾಜ್ ಪರ ಓಡಾಡಿದ್ದ ರೆಡ್ಡಿ ಮತ್ತು ಅವರ ಸೋದರರಿಗೆ ಅಧಿಕಾರದ ಬಾಗಿಲೂ ತೆರೆಯಿತು. 2008ರಲ್ಲಿ ರೆಡ್ಡಿ ಸಚಿವರಾದರು. ಮರುವರ್ಷವೇ ಮುಖ್ಯಮಂತ್ರಿ ಯಡಿಯೂರಪ್ಪ ಅವರ ವಿರುದ್ಧ ಬಂಡೆದ್ದರು.

ಇಳಿತವೂ ಅಷ್ಟೇ ವೇಗವಾಗಿ ಬಂತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ, ಅದೇ ತಿಂಗಳು ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ, ಸೆಪ್ಟೆಂಬರ್ 5ರಂದು ಸಿಬಿಐನಿಂದ ರೆಡ್ಡಿ ಬಂಧನ. 2015ರಲ್ಲಿ ಜಾಮೀನು ಸಿಕ್ಕಿತು, ಆದರೆ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ.

ಆಗ ಕಂಡದ್ದೇ ಹೊಳೆಯ ಈ ದಡದ ಗಂಗಾವತಿ ಕ್ಷೇತ್ರ. 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, 2023ರಲ್ಲಿ ಕಾಂಗ್ರೆಸ್‌ನ ಇಕ್ಬಾಲ್ ಅನ್ಸಾರಿ ಅವರನ್ನು ಸೋಲಿಸಿ ರೆಡ್ಡಿ ಇಲ್ಲಿನ ಶಾಸಕರಾದರು. ಮರುವರ್ಷ ಬಿಜೆಪಿಗೆ ಮರಳಿದರು. 2025ರ ಮೇ 6ರಂದು ಹೈದರಾಬಾದ್‌ನ ಸಿಬಿಐ ನ್ಯಾಯಾಲಯ ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆ ವಿಧಿಸಿತು, ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಸ್ಥಾನ ಮರಳಿತು.

ತಪ್ಪು-ಒಪ್ಪಿನ ಕೊನೆಯ ಮಾತು ನ್ಯಾಯಾಲಯದ್ದು. ಆದರೆ ಊರಿನವರು ತೂಗಿ ನೋಡಬೇಕಾದ್ದು ಬೇರೆಯೇ ಇದೆ. ವಿಜಯನಗರದ ಅರಸರು ಹೊಳೆಗೆ ಒಡ್ಡು ಕಟ್ಟಿ ತೋಡಿಸಿದ ಕಾಲುವೆಗಳು ಶತಮಾನಗಳ ನಂತರವೂ ಈ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿವೆ. ಅಗೆದು ಸಾಗಿಸಿದ ಅದಿರು ಮತ್ತೆ ಹುಟ್ಟುವುದಿಲ್ಲ. ಗದ್ದೆ ವರ್ಷವರ್ಷವೂ ಬೆಳೆ ಕೊಡುತ್ತದೆ. ಬೆಟ್ಟಕ್ಕೆ ಬರುವ ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕು. ಅಭಿವೃದ್ಧಿಯ ಹೆಸರಲ್ಲಿ ರೈತರ ಹೊಲ ಹೋಗದಂತೆ ಕಾಯುವವರೂ ಬೇಕು. ವೋಟು ಕೇಳಿಕೊಂಡು ಯಾರೇ ಬರಲಿ, ಅವರ ಸಿರಿವಂತಿಕೆ ನೋಡಿ ಮರುಳಾಗಬೇಡಿ. ಊರಿಗೆ ಉಳಿಯುವಂಥದ್ದೇನು ಮಾಡುತ್ತೀರಿ ಎಂದು ಕೇಳಿ.