300 ಕೊಟ್ಟು 450 ಓಡಿಸಿದವರು (ಭಾಗ 3)

ಎಸ್‌ಪಿ ರೋಡಿಗೆ ಹೋಗೋ ಮುಂಚೆ ಈ ಕಥೆ ಓದ್ಬಿಡಿ. 1998ರ ಏಪ್ರಿಲ್‌ನಲ್ಲಿ ಇಂಟೆಲ್ ಅಗ್ಗದ ಸೆಲೆರಾನ್ ತಂದಿತು. ಅದರಲ್ಲಿ ಎಲ್2 ಕ್ಯಾಷ್ (ಕಾಸಲ್ಲ, ಮೆಮೊರಿ!) ಇರಲೇ ಇಲ್ಲ, ಜನ ನಕ್ಕರು.

ಆಗಸ್ಟ್‌ನಲ್ಲಿ ಬಂತು ನೋಡಿ 300ಎ, 149 ಡಾಲರ್. ಈ ಸಲ ಚಿಪ್ ಒಳಗೇ 128 ಕೆಬಿ ಕ್ಯಾಷ್, ಅದೂ ಪೂರ್ತಿ ವೇಗದಲ್ಲಿ. ಪೆಂಟಿಯಂ 2ರಲ್ಲಿ 512 ಕೆಬಿ ಇದ್ರೂ ಅರ್ಧ ವೇಗ ಅಷ್ಟೆ. ಮಲ್ಟಿಪ್ಲೈಯರ್ 4.5ಕ್ಕೆ ಲಾಕ್ ಆಗಿತ್ತು, ಬಸ್ ವೇಗ ಮಾತ್ರ ಬೋರ್ಡಿನ ಕೈಲಿತ್ತು. 66 ಇದ್ದದ್ದನ್ನ 100 ಮಾಡಿದ್ರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡ್ತಿತ್ತು! ಅದೇ 450ರ ಪೆಂಟಿಯಂ 2ಕ್ಕೆ 669 ಡಾಲರ್. ಉಳಿದ ದುಡ್ಡಲ್ಲಿ ವೂಡೂ 2 ಕಾರ್ಡ್ ಹಾಕ್ಕೋಬಹುದಿತ್ತು, ಗೇಮ್‌ಗೆ ಬೇಕಾದ್ದೂ ಅದೇ.

ಎಲ್ಲ ಚಿಪ್ಪೂ 450 ಮುಟ್ಟಲಿಲ್ಲ, ಅದೃಷ್ಟ ಬೇಕಿತ್ತು. ಈಗಿನ ಐ3ಗಳಲ್ಲಿ ಈ ಆಟ ನಡೆಯಲ್ಲ, ಬೀಗ ಹಾಕಿದಾರೆ. ಆದ್ರೂ ಅಂಗಡೀಲಿ ಗಿಗಾಹರ್ಟ್ಸ್ ಜೊತೆ ಕ್ಯಾಷ್ ಎಷ್ಟು ಅಂತಾನೂ ಕೇಳಿ. ನಾಳೆ ವೂಡೂ ಕಥೆ.