ಹಗುರ ಪುಟ, ಹಳೆಯ ಫೋನು: ಅಂತರ್ಜಾಲಕ್ಕೂ ಉಂಟು ಕಲ್ಲಿದ್ದಲಿನ ಲೆಕ್ಕ

ಸೊಲ್ಲಾಪುರ: ಅಂತರ್ಜಾಲವೆಂದರೆ ಗಾಳಿಯಲ್ಲಿ ತೇಲಿ ಬರುವ ವಸ್ತು, ಅದಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ ಎಂದೇ ನಮ್ಮಲ್ಲಿ ಬಹಳ ಜನರ ನಂಬಿಕೆ. ಸೊಲ್ಲಾಪುರದಿಂದ ಅಕ್ಕಲಕೋಟೆ ಕಡೆಗೆ ರೈಲು ಹತ್ತಿದವರು ಹೊಟಗಿ ಜಂಕ್ಷನ್ ದಾಟುತ್ತಾರಲ್ಲ, ಅದೇ ಸೀಮೆಯ ಫತಾಟೇವಾಡಿ, ಆಹೇರವಾಡಿ ಹತ್ತಿರ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 660 ಮೆಗಾವ್ಯಾಟಿನ ಎರಡು ಘಟಕ, ಒಟ್ಟು 1,320 ಮೆಗಾವ್ಯಾಟ್. ಮೊದಲ ಘಟಕದ ವಾಣಿಜ್ಯ ಉತ್ಪಾದನೆ ಶುರುವಾದದ್ದು 2017ರಲ್ಲಿ, ಎರಡನೆಯದರದು 2019ರಲ್ಲಿ. ಅದು ಉರಿಸುವುದು ಕಲ್ಲಿದ್ದಲು, ಕುಡಿಯುವುದು ಉಜನಿ ಜಲಾಶಯದ ಭೀಮಾ ನೀರು. ಊರ ಹೊರಗಿನ ಮೊಬೈಲ್ ಟವರ್, ಮುಂಬೈಯ ಡೇಟಾ ಸೆಂಟರ್, ನಿಮ್ಮ ಮನೆಯ ಚಾರ್ಜರ್, ಎಲ್ಲಕ್ಕೂ ಕರೆಂಟು ಬೇಕು. ನಮ್ಮ ದೇಶದಲ್ಲಿ ಆ ಕರೆಂಟಿನ ಹೆಚ್ಚಿನ ಪಾಲು ಇಂದಿಗೂ ಬರುವುದು ಇಂಥ ಸ್ಥಾವರಗಳಿಂದಲೇ.

ನಿಮ್ಮ ಫೋನಿಗೆ ಸೇರಿದ ಕರೆಂಟು ಫತಾಟೇವಾಡಿಯದೇ ಎಂದು ಯಾರೂ ಬೊಟ್ಟು ಮಾಡಿ ಹೇಳಲಾರರು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಮಾರ್ಗ ಚಾಲೂ ಆಯಿತು. ಅಲ್ಲಿಯವರೆಗೆ ಬೇರೆಯಾಗಿದ್ದ ದಕ್ಷಿಣದ ಜಾಲ ದೇಶದ ಉಳಿದ ಜಾಲದ ಜೊತೆ ಕೂಡಿದ್ದು ಅದೇ ಮಾರ್ಗದ ಮೂಲಕ. ಕನ್ನಡ ಮತ್ತು ಮರಾಠಿ ಸೀಮೆಗಳ ಗಡಿ ದಾಟಿದ ಆ ತಂತಿಯಿಂದ ಇಡೀ ದೇಶ ಒಂದೇ ಜಾಲವಾಯಿತು. ಹಾಗಾಗಿ ಲೆಕ್ಕ ಹಾಕುವಾಗ ಇಡೀ ಜಾಲದ ಸರಾಸರಿಯನ್ನೇ ಹಿಡಿಯಬೇಕು. ಅದರ ಪ್ರಕಾರ 1 ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ನೀರಿನ ವಿಷಯಕ್ಕೆ ಬಂದರೆ, ಉಷ್ಣ ಸ್ಥಾವರಗಳು 1 ಯೂನಿಟ್‌ಗೆ 3ರಿಂದ 3.5 ಲೀಟರ್ ಮೀರಬಾರದು ಎಂಬುದು 2015ರ ನಿಯಮ ಹಾಗೂ ಅದರ ತಿದ್ದುಪಡಿ ಹಾಕಿದ ಮಿತಿ.

ಹಗುರವಾದ ವೆಬ್‌ಸೈಟ್, ಹಗುರವಾದ ಆ್ಯಪ್, ಹಗುರವಾದ ಸುದ್ದಿ ಎಂಬ ಮಾತು ಈಗ ಜಗತ್ತಿನ ಎಲ್ಲೆಡೆ ಕೇಳಿಬರುತ್ತಿದೆ. ಅದು ನಮ್ಮ ಹಳ್ಳಿಗಳಿಗೆ ಎಷ್ಟು ಸಂಬಂಧಿಸಿದ್ದು? ಮೊದಲು ಒಂದು ಫೋನಿನ ಲೆಕ್ಕ ನೋಡೋಣ.

ಎರಡು ಕೊಡ ನೀರು

5,000 ಎಂಎಎಚ್ ಬ್ಯಾಟರಿಯ ಫೋನನ್ನು ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೆ, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, ಹೆಚ್ಚೆಂದರೆ 25 ವ್ಯಾಟ್-ಅವರ್ ಬೇಕು. ವರ್ಷಕ್ಕೆ ಸುಮಾರು 9 ಯೂನಿಟ್. ಇಂಗಾಲದ ಲೆಕ್ಕದಲ್ಲಿ 6 ಕೆಜಿ ಚಿಲ್ಲರೆ. ನೀರಿನ ಲೆಕ್ಕದಲ್ಲಿ ಸುಮಾರು 30 ಲೀಟರ್, ಅಂದರೆ ಎರಡು ಕೊಡ. ಲೈಟ್ ಬಿಲ್ಲಿನಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ. ಫ್ಯಾನು, ಪಂಪ್‌ಸೆಟ್ಟಿನ ಎದುರು ಇದು ಏನೇನೂ ಅಲ್ಲ.

ಆದರೆ ಅದೇ ಫೋನನ್ನು ತಯಾರಿಸುವುದರಲ್ಲಿ ಎಷ್ಟು ಖರ್ಚಾಗಿದೆ ನೋಡಿ. ಗಣಿಯ ಲೋಹ, ಚಿಪ್ ಕಾರ್ಖಾನೆ, ಪರದೆ, ಬ್ಯಾಟರಿ, ವಿಮಾನದ ಸಾಗಾಟ ಎಲ್ಲ ಸೇರಿ ಒಂದು ಸ್ಮಾರ್ಟ್‌ಫೋನಿಗೆ ಸಾಮಾನ್ಯವಾಗಿ 40ರಿಂದ 60 ಕೆಜಿ ಇಂಗಾಲ ಎಂದು ಕಂಪನಿಗಳ ವರದಿಗಳೇ ಹೇಳುತ್ತವೆ. ಅಂದರೆ ಫೋನು ಅಂಗಡಿಯಿಂದ ಮನೆಗೆ ಬರುವ ಮೊದಲೇ ಆರರಿಂದ ಒಂಬತ್ತು ವರ್ಷ ಚಾರ್ಜ್ ಮಾಡಿದಷ್ಟು ಹೊಗೆ ಬಿಟ್ಟಾಗಿದೆ. ಎರಡು ವರ್ಷಕ್ಕೆ ಬದಲಿಸುವ ಫೋನನ್ನು ಐದು ವರ್ಷ ಬಳಸಿದರೆ ಆಗುವ ಉಳಿತಾಯದ ಮುಂದೆ ಪರದೆಯ ಬೆಳಕು ತಗ್ಗಿಸಿದ್ದು, ರಾತ್ರಿ ಚಾರ್ಜರ್ ಕಿತ್ತದ್ದು ಎಲ್ಲ ಸಣ್ಣ ಪುಡಿ.

ಹಾಗಾದರೆ ಜನ ಫೋನು ಬದಲಿಸುವುದೇಕೆ? ಒಡೆದದ್ದಕ್ಕೆ, ಬ್ಯಾಟರಿ ಸತ್ತದ್ದಕ್ಕೆ, ಒಂದಿಷ್ಟು ಹೊಸತರ ಆಸೆಗೆ. ಆದರೆ ‘ನಿಧಾನ ಆಗಿದೆ, ಜಾಗ ಇಲ್ಲ, ಆ್ಯಪ್ ಓಪನ್ ಆಗೂದಿಲ್ಲ’ ಎನ್ನುವುದೂ ನಾವು ಸದಾ ಕೇಳುವ ಕಾರಣ. ಬಹಳ ಸಲ ಕೆಟ್ಟಿರುವುದು ಫೋನಲ್ಲ. ಅದರಲ್ಲಿ ಹಾಕಿದ ಸರಕು ಭಾರವಾಗಿರುತ್ತದೆ. ಪುಟವನ್ನು, ಆ್ಯಪನ್ನು ಹಗುರ ಮಾಡುವುದರ ದೊಡ್ಡ ಲಾಭ ನಮ್ಮ ಲೇಖಕನ ಮಟ್ಟಿಗೆ ಇದೇ: ಹಳೆಯ ಫೋನಿಗೆ ಇನ್ನೆರಡು ವರ್ಷ ಆಯುಷ್ಯ.

ಉತ್ಪ್ರೇಕ್ಷೆಯ ಅಂಕಿಗಳು

ಈ ವಿಷಯದಲ್ಲಿ ಬಾಯಿಗೆ ಬಂದ ಅಂಕಿಗಳು ಬಹಳ ಓಡಾಡುತ್ತವೆ, ಓದುಗರು ಎಚ್ಚರದಿಂದಿರಬೇಕು. ಅರ್ಧ ಗಂಟೆ ವಿಡಿಯೊ ನೋಡಿದರೆ ಆರು ಕಿಲೊಮೀಟರಿಗೂ ಹೆಚ್ಚು ದೂರ ಕಾರು ಓಡಿಸಿದಷ್ಟು ಹೊಗೆ ಎಂಬ ಸುದ್ದಿ 2019ರಲ್ಲಿ ಜಗತ್ತನ್ನೇ ಸುತ್ತಿತು. ಅದರ ಹಿಂದೆ ಬಿಟ್ ಮತ್ತು ಬೈಟ್ ಅದಲುಬದಲಾಗಿ ಲೆಕ್ಕ ಎಂಟು ಪಟ್ಟು ಉಬ್ಬಿತ್ತೆಂದು ಆ ಅಂಕಿ ಕೊಟ್ಟ ಫ್ರಾನ್ಸ್‌ನ ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜು ಒಂದು ಗಂಟೆಯ ವಿಡಿಯೊಗೆ ಸುಮಾರು 0.08 ಯೂನಿಟ್. ಇನ್ನೊಂದು ಮಾತು: ನೀವೊಬ್ಬರು ವಿಡಿಯೊ ನೋಡದಿದ್ದರೆ ಟವರ್ ಆರಿಹೋಗುವುದಿಲ್ಲ. ಅದು ಹಗಲೂ ರಾತ್ರಿ ಕರೆಂಟು ತಿನ್ನುತ್ತಲೇ ಇರುತ್ತದೆ. ಎಲ್ಲರ ಬಳಕೆ ಒಟ್ಟಾಗಿ ಏರಿದಾಗ ಹೊಸ ಯಂತ್ರ, ಹೊಸ ಟವರ್, ಹೊಸ ಡೇಟಾ ಸೆಂಟರ್ ಹಾಕಬೇಕಾಗುತ್ತದಲ್ಲ, ಭಾರ ಬೀಳುವುದು ಅಲ್ಲಿ. 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 415 ಶತಕೋಟಿ ಯೂನಿಟ್, ಒಟ್ಟು ವಿದ್ಯುತ್ತಿನ ಶೇ. 1.5ರಷ್ಟು ಎಂದು ಅದೇ ಸಂಸ್ಥೆಯ ಅಂದಾಜು.

ಅಕ್ಷರ, ಚಿತ್ರ, ದನಿ, ವಿಡಿಯೊ

ಕನ್ನಡದ ಒಂದೊಂದು ಸಂಕೇತಕ್ಕೂ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಮರಾಠಿಗೂ ಅಷ್ಟೇ. ಇಂಗ್ಲಿಷಿಗೆ ಒಂದೇ ಬೈಟ್. ಇದು ಅನ್ಯಾಯ ಎನ್ನುವವರಿದ್ದಾರೆ. (ಎಸ್‌ಎಂಎಸ್‌ನಲ್ಲಿ ಅನ್ಯಾಯ ಇನ್ನೂ ಸ್ಪಷ್ಟ: ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ, ಮರಾಠಿಗೆ 70.) ಆದರೆ ಈಗ ನೀವು ಓದುತ್ತಿರುವಷ್ಟು ಉದ್ದದ ಲೇಖನದ ಬರೀ ಅಕ್ಷರದ ತೂಕ ಸುಮಾರು 35–40 ಕೆಬಿ ಮಾತ್ರ. ಸರ್ವರ್ ಅದನ್ನು ಒತ್ತಿ ಕಳಿಸಿದರೆ ಮೂರನೇ ಒಂದಕ್ಕಿಂತಲೂ ಕಡಿಮೆ.

ಇದೇ ಲೇಖನವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ, ಅದರ ಫೋಟೊ ತೆಗೆದು ಗ್ರೂಪಿಗೆ ಬಿಟ್ಟರೆ 200–300 ಕೆಬಿ. ಆಮೇಲೆ ಅದನ್ನು ಹುಡುಕಲೂ ಬಾರದು, ದೃಷ್ಟಿಯಿಲ್ಲದವರ ಫೋನು ಓದಿ ಹೇಳಲೂ ಬಾರದು. ಇಪ್ಪತ್ತು ವರ್ಷದ ಹಿಂದೆ ಕನ್ನಡ ಫಾಂಟಿನ ತಾಪತ್ರಯಕ್ಕೆ ಅಂಜಿ ಅಕ್ಷರವನ್ನೇ ಚಿತ್ರ ಮಾಡಿ ಹಾಕುತ್ತಿದ್ದರು. ಅಂದು ಬೇರೆ ದಾರಿಯಿರಲಿಲ್ಲ. ಇಂದಿನ ಫೋನುಗಳಲ್ಲಿ ಕನ್ನಡವೂ ದೇವನಾಗರಿಯೂ ಮೊದಲೇ ಕೂತಿರುತ್ತವೆ. ಆದರೂ ಸರ್ಕಾರಿ ಸುತ್ತೋಲೆಯಿಂದ ಮದುವೆ ಕರೆಯೋಲೆಯವರೆಗೆ ಎಲ್ಲವೂ ಫೋಟೊ!

ದನಿಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಾತನ್ನು ಓಪಸ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ 24 ಕಿಲೊಬಿಟ್ ವೇಗಕ್ಕೆ ಒತ್ತಿದರೂ ಸ್ಪಷ್ಟವಾಗಿ ಕೇಳುತ್ತದೆ. ಒಂದು ನಿಮಿಷಕ್ಕೆ 180 ಕೆಬಿ. ಸಾಧಾರಣ ಗುಣಮಟ್ಟದ ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ ಎಂದರೂ ನಿಮಿಷಕ್ಕೆ ಏಳೂವರೆ ಎಂಬಿ, ಅಂದರೆ ನಲವತ್ತು ಪಟ್ಟು. ಒಬ್ಬರು ಕುರ್ಚಿಯ ಮೇಲೆ ಕೂತು ಮಾತಾಡುವುದನ್ನಷ್ಟೇ ತೋರಿಸುವುದಿದ್ದರೆ ವಿಡಿಯೊ ಯಾತಕ್ಕೆ? ಕೀಲು ಜೋಡಿಸುವುದು, ರೋಗ ಬಿದ್ದ ತೊಗರಿಯ ಎಲೆ, ಇಂಥವನ್ನು ಕಣ್ಣಾರೆ ತೋರಿಸಬೇಕು. ಅಲ್ಲಿ ವಿಡಿಯೊ ಬೇಕೇ ಬೇಕು, ಜಿಪುಣತನ ಸಲ್ಲದು.

ಪಾರಿತೇವಾಡಿಯ ಕ್ಯೂಆರ್ ಕೋಡು

ಡಿಜಿಟಲ್ ಸರಕನ್ನು ಹೇಗೆ ಹಂಚಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಹೆಸರಾದ ಉದಾಹರಣೆಯಿದೆ. ಮಾಢಾ ತಾಲೂಕಿನ ಪಾರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರ್‌ನಲ್ಲಿ 10 ಲಕ್ಷ ಡಾಲರ್‌ನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪ್ರಶಸ್ತಿ ಕೊಟ್ಟ ವರ್ಕಿ ಫೌಂಡೇಶನ್ನಿನ ಪರಿಚಯದಲ್ಲಿ ನಮಗೆ ಅಭಿಮಾನದ ಒಂದು ಸಾಲಿದೆ: ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿರಲಿಲ್ಲ, ಹಾಗಾಗಿ ಅವರು ಕನ್ನಡ ಕಲಿತು 1ರಿಂದ 4ನೇ ತರಗತಿಯ ಪುಸ್ತಕಗಳನ್ನು ಮತ್ತೆ ರೂಪಿಸಿ, ಹಾಡು, ಪಾಠ, ಕತೆಗಳಿಗೆ ಕ್ಯೂಆರ್ ಕೋಡ್ ಕೂಡಿಸಿದರು ಎಂದು. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಈ ಪದ್ಧತಿಯನ್ನು ರಾಜ್ಯದ ಪಠ್ಯಪುಸ್ತಕಗಳಿಗೆ ತರುವುದಾಗಿ ಸಾರಿತು.

ಪರಿಸರದ ಕಣ್ಣಿನಿಂದ ನೋಡಿದರೆ ಇಲ್ಲಿ ಜಾಣತನವಿದೆ. ಪುಸ್ತಕ ಕಾಗದದ್ದೇ, ಪರದೆ ಹಚ್ಚದೆ ವರ್ಷವಿಡೀ ಓದಬಹುದು. ಬೇಕಾದ ಜಾಗದಲ್ಲಿ, ಬೇಕಾದಾಗ ಮಾತ್ರ ಫೋನು. ಪ್ರತಿ ಮಗುವಿಗೂ ಒಂದು ಟ್ಯಾಬ್ಲೆಟ್ ಹಂಚುವುದಕ್ಕೂ ಇದಕ್ಕೂ ಅಜಗಜಾಂತರ. ಕೇಂದ್ರದ ದೀಕ್ಷಾ ಆ್ಯಪ್‌ನಲ್ಲಿ ಪಾಠವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನೋಡಲು ಬರುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಶಿಕ್ಷಕರು ಒಂದು ಫೋನಿಗೆ ಇಳಿಸಿ ಇಡೀ ತರಗತಿಗೆ ಕೇಳಿಸಿದರೆ ಮೂವತ್ತು ಮನೆಯಲ್ಲಿ ಮೂವತ್ತು ಸಲ ಇಳಿಸುವುದು ತಪ್ಪುತ್ತದೆ.

ಸಾತಬಾರಾ ಮತ್ತು ಪೆಟ್ರೋಲು

ಡಿಜಿಟಲ್ ಸಹಿಯ ಸಾತಬಾರಾ ಉತಾರಾ 2018ರಿಂದ ಮಹಾರಾಷ್ಟ್ರದಲ್ಲಿ ಮನೆಯಲ್ಲೇ ಕೂತು ತೆಗೆಯಲು ಬರುತ್ತದೆ. ಇದರಲ್ಲಿ ಉಳಿಯುವುದು ಕಾಗದಕ್ಕಿಂತ ಹೆಚ್ಚಾಗಿ ಪೆಟ್ರೋಲು. ಹಳ್ಳಿಯಿಂದ ತಾಲೂಕಿಗೆ ಹೋಗಿ ಬರಲು 40 ಕಿಮೀ, ಗಾಡಿ ಲೀಟರಿಗೆ 50 ಕಿಮೀ ಓಡುತ್ತದೆಂದು ಹಿಡಿಯಿರಿ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕೆಜಿ ಇಂಗಾಲ. ಒಂದು ಓಡಾಟಕ್ಕೆ 1.8 ಕೆಜಿ ಆಯಿತು. ಅಷ್ಟರಲ್ಲಿ ಫೋನನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಚಾರ್ಜ್ ಮಾಡಬಹುದು!

ಲೆಕ್ಕ ತಿರುಗುಮುರುಗು ಆಗುವುದೂ ಇಲ್ಲಿಯೇ. ಫಾರ್ಮ್ ಅರ್ಧ ತುಂಬಿದಾಗ ರೇಂಜ್ ಹೋಗಿ ಎಲ್ಲ ಅಳಿಸಿಹೋದರೆ, ‘ಫೋಟೊ ದೊಡ್ಡದಾಯಿತು’ ಎಂದು ಮೂರು ಸಲ ತಿರಸ್ಕರಿಸಿದರೆ, ರೈತ ಕೊನೆಗೆ ಗಾಡಿ ಹತ್ತಿ ತಾಲೂಕಿಗೇ ಹೋಗುತ್ತಾನೆ. ಆಗ ಆನ್‌ಲೈನ್ ಖರ್ಚೂ ಆಯಿತು, ಪೆಟ್ರೋಲೂ ಆಯಿತು. ತುಂಬಿದಷ್ಟನ್ನು ಫೋನಿನಲ್ಲೇ ಉಳಿಸಿಕೊಳ್ಳುವುದು, ಫೋಟೊವನ್ನು ಕಳಿಸುವ ಮೊದಲು ತಾನೇ ಕುಗ್ಗಿಸುವುದು, ಸೂಚನೆಯನ್ನು ಜನರ ಮಾತಿನಲ್ಲಿ ಹೇಳುವುದು, ಇವು ಮೂರೂ ಕಷ್ಟದ ಕೆಲಸಗಳಲ್ಲ. ಮಾಡುವ ಮನಸ್ಸಿರಬೇಕು.

ತಾಣ ನಡೆಸುವವರಿಗೆ

ಇಂದು ಜಗತ್ತಿನ ಸರಾಸರಿ ವೆಬ್‌ಪುಟದ ತೂಕ 2 ಎಂಬಿ ದಾಟಿದೆ. ಅದರಲ್ಲಿ ಹೆಚ್ಚಿನದು ಚಿತ್ರ ಮತ್ತು ಜಾವಾಸ್ಕ್ರಿಪ್ಟ್. ಓದುಗನಿಗೆ ಬೇಕಾದ ಅಕ್ಷರ ಹಿಟ್ಟಿನಲ್ಲಿ ಉಪ್ಪಿನಷ್ಟು. ಫೋನಿನಲ್ಲಿ ತೆಗೆದ 3–4 ಎಂಬಿ ಫೋಟೊವನ್ನು ಹಾಗೇ ಏರಿಸುವುದು ಎಲ್ಲರೂ ಮಾಡುವ ತಪ್ಪು. ಅಗಲ 1,000 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ 100 ಕೆಬಿಯ ಆಸುಪಾಸಿಗೆ ಬರುತ್ತದೆ, ಫೋನಿನ ಪರದೆಯಲ್ಲಿ ವ್ಯತ್ಯಾಸವೇ ಕಾಣದು. ವಿಡಿಯೊ ತಾನಾಗಿ ಓಡಬಾರದು, ಓದುಗ ಕ್ಲಿಕ್ಕಿಸಿದಾಗ ಮಾತ್ರ ಓಡಬೇಕು. ಕನ್ನಡ, ಮರಾಠಿ ಎರಡೂ ಇರುವ ತಾಣಗಳಲ್ಲಿ ಒಂದೇ ಪುಟಕ್ಕೆ ಎರಡೂ ಭಾಷೆ ತುಂಬದೆ ಬೇರೆ ಬೇರೆ ಪುಟ ಮಾಡಿ, ಎರಡಕ್ಕೂ ಒಂದೇ ಫೋಟೊ ಬಳಸಿದರೆ ಎರಡೂ ಓದುವವರಿಗೆ ಅದು ಮತ್ತೆ ಇಳಿಯುವುದಿಲ್ಲ.

ಇನ್ನು ಪುಟ ತಯಾರಿಸುವ ಬಗೆ. ಸಾಮಾನ್ಯ ಸುದ್ದಿತಾಣ ಎಂದರೆ ಬಂದ ಒಬ್ಬೊಬ್ಬ ಗಿರಾಕಿಗೂ ಹೊಸದಾಗಿ ಭಕ್ರಿ ಬಡಿಯುವ ಖಾನಾವಳಿ. ಪ್ರತಿ ಕ್ಲಿಕ್ಕಿಗೂ ಸರ್ವರ್ ಪುಟವನ್ನು ಹೊಸದಾಗಿ ಕಟ್ಟುತ್ತದೆ. ಸ್ಥಿರ ಪುಟ ನಮ್ಮ ಸೊಲ್ಲಾಪುರದ ಖಡಕ್ ಭಕ್ರಿಯಂತೆ. ಒಮ್ಮೆ ಸುಟ್ಟು ಒಟ್ಟಿಟ್ಟರೆ ಆಯಿತು, ಕೇಳಿದವರಿಗೆ ಎತ್ತಿ ಕೊಡುವುದಷ್ಟೇ. ದಿನಕ್ಕೊಮ್ಮೆ ಬದಲಾಗುವ ಪೇಟೆ ಧಾರಣೆಗೆ, ಶಾಲೆಯ ಮಾಹಿತಿಗೆ, ಇಂಥ ಲೇಖನಗಳಿಗೆ ಸ್ಥಿರ ಪುಟವೇ ಸಾಕು.

ಇದನ್ನು ಕೊನೆಯವರೆಗೆ ಮಾಡಿ ತೋರಿಸಿದವರು ‘ಲೋ-ಟೆಕ್ ಮ್ಯಾಗಜಿನ್’ ಎಂಬ ತಾಣದವರು. 2018ರಲ್ಲಿ ಬಾರ್ಸಿಲೋನಾದ ಮನೆಯೊಂದರಲ್ಲಿ ಸಣ್ಣ ಸೌರಫಲಕ ಹಚ್ಚಿ ಅದರಿಂದಲೇ ಸರ್ವರ್ ನಡೆಸತೊಡಗಿದರು. ಚಿತ್ರಗಳನ್ನು ಚುಕ್ಕೆ ಚುಕ್ಕೆಯ ಹಳೆಯ ಪತ್ರಿಕೆಯ ಚಿತ್ರದಂತೆ ಕುಗ್ಗಿಸಿದರು. ಮೋಡ ಬಹಳ ದಿನ ಕವಿದರೆ ತಾಣ ಬಾಗಿಲು ಮುಚ್ಚುತ್ತದೆ. ಬಿಸಿಲಿಗೆ ಹೆಸರಾದ ನಮ್ಮೂರಲ್ಲಿ ಆ ಚಿಂತೆ ಕಡಿಮೆ. ಆದರೂ ಸುದ್ದಿತಾಣ ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ, ಆ ದಾರಿ ಎಲ್ಲರದಲ್ಲ. ಫ್ರಾನ್ಸ್ 2021ರಲ್ಲಿ ಈ ಬಗ್ಗೆ ಕಾನೂನನ್ನೇ ಮಾಡಿತು. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿಯಲ್ಲಿ ಸುಸ್ಥಿರ ವೆಬ್‌ನ ಮಾರ್ಗದರ್ಶಿಯ ಕರಡು 2023ರಲ್ಲಿ ಹೊರಬಂತು.

ಕಪ್ಪು ಪರದೆಯ ಮಾತೂ ಆಗಾಗ ಬರುತ್ತದೆ. ಅದರಿಂದ ಉಳಿತಾಯ ಒಎಲ್‌ಇಡಿ ಪರದೆಗಳಲ್ಲಿ ಮಾತ್ರ. ಮನೆಯೊಳಗೆ ಸಾಮಾನ್ಯ ಬೆಳಕಿನಲ್ಲಿ ಬಳಸಿದಾಗ ಶೇ. 3ರಿಂದ 9ರಷ್ಟೇ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ಅಳೆದು ಹೇಳಿದೆ.

ಫೋನು ನಿಜಕ್ಕೂ ಸತ್ತಾಗ

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ ಶಾಲೆ, ಪಂಚಾಯಿತಿಗಳ ಹಳೆಯ ಗಣಕಯಂತ್ರಗಳೂ ಮೂಲೆ ಸೇರುವ ಸರದಿಯಲ್ಲಿವೆ. ಗುಜರಿಗೆ ಹಾಕುವ ಮೊದಲು ಅವುಗಳಲ್ಲಿ ಲಿನಕ್ಸ್ ಹಾಕಿ ನೋಡಬಹುದು. ಕನ್ನಡ, ಮರಾಠಿ ಟೈಪಿಂಗಿಗೆ, ಬ್ರೌಸರಿಗೆ ಅಷ್ಟು ಸಾಕು.

ಭಾರತದ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಳೆಯ ಸಾಧನಗಳ ಮರುಬಳಕೆಯ ಹೊಣೆ ತಯಾರಕ ಕಂಪನಿಗಳದು. ಹೊಸ ಫೋನು ಕೊಳ್ಳುವಾಗ ‘ಹಳೇದು ತಗೋತೀರೇನು?’ ಎಂದು ಅಂಗಡಿಯವರನ್ನು ಕೇಳಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಕಸದ ಜೊತೆ ಬಿಸಾಡಬೇಡಿ. ತಾಮ್ರದಾಸೆಗೆ ವೈರ್ ಸುಡುವುದು ಹಳ್ಳಿಗಳಲ್ಲಿ ಇನ್ನೂ ಕಾಣುತ್ತದೆ. ಆ ಹೊಗೆಯಲ್ಲಿ ಡೈಆಕ್ಸಿನ್ ಎಂಬ ವಿಷವಿರುತ್ತದೆ, ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.