ಹಿಮಗುಹೆಯ ದಾರಿ: ಅಮರನಾಥದ ಲಿಖಿತ ಚರಿತ್ರೆ ನಿಂತುಬಿಡುವ ಜಾಗ

ಕಾಶ್ಮೀರದ ಅಮರನಾಥ ಗುಹೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತಿನಿಂದ ಶುರುಮಾಡುತ್ತಾರೆ. ಗುಹೆಯ ಯಾತ್ರೆ ಕಲ್ಹಣನ ಕಾಲಕ್ಕೂ ಹಿಂದಿನದು ಎನ್ನುವುದು ಒಂದು. 1850ರ ಸುಮಾರಿಗೆ ಬೂಟಾ ಮಲಿಕ್ ಎಂಬ ಕುರಿಗಾಹಿ ಅದನ್ನು ಪತ್ತೆಹಚ್ಚಿದ ಎನ್ನುವುದು ಇನ್ನೊಂದು. ಒಂದನ್ನು ಒಪ್ಪಿದವರು ಇನ್ನೊಂದನ್ನು ಸುಳ್ಳೆನ್ನುತ್ತಾರೆ. ಉಳಿದಿರುವ ಬರಹಗಳನ್ನು ಸಾಲಾಗಿ ಇಟ್ಟು ಓದಿದರೆ ಈ ಜಗಳಕ್ಕೆ ಆಧಾರವಿಲ್ಲ ಎಂದು ನನಗೆ ಅನ್ನಿಸುತ್ತದೆ. ಹಳೆಯ ಬರಹಗಳಲ್ಲಿ ಮುಖ್ಯವಾದವು ಗುಹೆಯ ಬಾಗಿಲಿಗೆ ಮುಟ್ಟುವ ಮೊದಲೇ ನಿಂತುಹೋಗಿವೆ. ವರ್ಷವರ್ಷವೂ ಬಾಗಿಲವರೆಗೆ ಹೋಗುತ್ತಿದ್ದವರ ನೆನಪು ಮಾತ್ರ ಬಾಯಿಮಾತಿನಲ್ಲೇ ಉಳಿಯಿತು.

ಮೊದಲಿಗೆ ಕಲ್ಹಣ. 12ನೆಯ ಶತಮಾನದ ನಡುವೆ ಬರೆದ ‘ರಾಜತರಂಗಿಣಿ’ಯ ಮೊದಲ ತರಂಗದಲ್ಲಿ ಸುಶ್ರವಸ್ ಎಂಬ ನಾಗನ ಕಥೆ ಬರುತ್ತದೆ. ನರ ಎಂಬ ದೊರೆಯ ಪಟ್ಟಣವನ್ನು ಸುಟ್ಟ ನಾಗ, ತಾನು ಮಾಡಿದ ಹತ್ಯೆಗೆ ತಾನೇ ನೊಂದು ದೂರದ ಬೆಟ್ಟದ ಮೇಲೆ ಹಾಲುಗಡಲಿನಂಥ ಬಿಳಿಯ ಸರೋವರ ಮಾಡಿಕೊಂಡು ನೆಲೆಸುತ್ತಾನೆ. ಅಮರೇಶ್ವರ (ಅಂದರೆ ಅಮರನಾಥ) ಯಾತ್ರೆಗೆ ಹೋಗುವವರು ಆ ಸರೋವರವನ್ನು ಇಂದಿಗೂ ಕಾಣುತ್ತಾರೆ ಎಂದು ಕಲ್ಹಣ ಹೇಳಿ ಮುಂದೆ ಹೋಗುತ್ತಾನೆ. ಪಹಲ್ಗಾಮ್ ದಾರಿಯ ಶೇಷನಾಗ ಸರೋವರವೇ ಇದು ಎಂದು ‘ರಾಜತರಂಗಿಣಿ’ಯನ್ನು ಇಂಗ್ಲಿಷಿಗೆ ತಂದ ಆರೆಲ್ ಸ್ಟೈನ್ ಗುರುತಿಸಿದರು. ಆ ದಾರಿಯಲ್ಲಿ ಆಗಲೇ ಯಾತ್ರೆ ನಡೆಯುತ್ತಿತ್ತು ಎಂಬುದಕ್ಕೆ ಇಷ್ಟು ಸಾಕು. ಗುಹೆಯ ಬಗ್ಗೆಯಾಗಲಿ, ಅದರೊಳಗಿನ ಹಿಮಲಿಂಗದ ಬಗ್ಗೆಯಾಗಲಿ ಅಲ್ಲಿ ಒಂದು ಮಾತೂ ಇಲ್ಲ. ಓದುಗರೆಲ್ಲರಿಗೂ ಗೊತ್ತಿರುವ ಜಾಗವನ್ನು ಸರೋವರದ ಗುರುತಿಗೆಂದು ಹೇಳಿದ ಧಾಟಿ ಅದು. ಒಂದು ಯಾತ್ರೆ ಎಷ್ಟು ರೂಢಿಯಾಗಿತ್ತು ಎಂಬುದಕ್ಕೆ ದೀರ್ಘ ವರ್ಣನೆಗಿಂತ ಇಂಥ ಹಾದಿಬದಿಯ ಮಾತೇ ಬಲವಾದ ಸಾಕ್ಷಿ ಎಂದು ನಾನು ಎಣಿಸುತ್ತೇನೆ.

ಇಲ್ಲಿ ಒಂದು ತಪ್ಪನ್ನು ತಿದ್ದಬೇಕು. ಅನಂತರಾಜನ ರಾಣಿ ಸೂರ್ಯಮತಿ 11ನೆಯ ಶತಮಾನದಲ್ಲಿ ಅಮರೇಶ್ವರದಲ್ಲಿ ಮಠ ಕಟ್ಟಿಸಿ ಅಗ್ರಹಾರ ಬಿಟ್ಟಳು ಎಂಬ ಕಲ್ಹಣನ ಮಾತನ್ನು ಅಮರನಾಥ ಗುಹೆಗೆ ಅನ್ವಯಿಸಿ ಬರೆಯುವುದು ವಾಡಿಕೆಯಾಗಿದೆ. ಈ ಅಮರೇಶ್ವರ ಶ್ರೀನಗರದ ಉತ್ತರಕ್ಕಿರುವ ಅಂಬುರ್ಹೇರ್ ಎಂಬ ಹಳ್ಳಿ ಎಂದು ಸ್ಟೈನ್ ತೋರಿಸಿದ್ದಾರೆ. ಸೇನೆಗಳು ಓಡಾಡಿದ ಪ್ರಸಂಗಗಳಲ್ಲಿ ಕಲ್ಹಣ ಅದೇ ಹೆಸರನ್ನು ಮತ್ತೆ ಮತ್ತೆ ತರುತ್ತಾನೆ. ವರ್ಷದ ಬಹುಪಾಲು ಹಿಮ ಮುಚ್ಚಿರುವ, 3,888 ಮೀಟರ್ ಎತ್ತರದ ಗುಹೆಯ ಪಕ್ಕದಲ್ಲಿ ಮಠವನ್ನೂ ಕಾಳಗವನ್ನೂ ಊಹಿಸಿಕೊಳ್ಳುವುದು ಕಷ್ಟ. ಹೆಸರು ಒಂದೇ ಆದ ಮಾತ್ರಕ್ಕೆ ಸ್ಥಳವೂ ಒಂದೇ ಆಗಬೇಕಿಲ್ಲ.

15ನೆಯ ಶತಮಾನದಲ್ಲಿ ಕಲ್ಹಣನ ಚರಿತ್ರೆಯನ್ನು ಮುಂದುವರಿಸಿದ ಜೋನರಾಜ, ಲಿದ್ದರ್ ನದಿಯ ಬದಿಗೆ ಕಾಲುವೆ ತೆಗೆಸುತ್ತಿದ್ದ ಸುಲ್ತಾನ ಜೈನುಲ್ ಆಬಿದೀನ್ ಅಮರೇಶ್ವರಕ್ಕೂ ಹೋಗಿದ್ದನೆಂದು ಹೇಳುತ್ತಾನೆ. ಲಿದ್ದರ್ ಕಣಿವೆಯ ಪ್ರಸಂಗವಾದ್ದರಿಂದ ಇದು ನಮ್ಮ ಗುಹೆಗೆ ಸರಿಹೊಂದುತ್ತದೆ.

ಹಿಮಲಿಂಗದ ಸ್ಪಷ್ಟ ಉಲ್ಲೇಖಕ್ಕೆ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯವರೆಗೆ, ಅಂದರೆ 16ನೆಯ ಶತಮಾನದ ಕೊನೆಯವರೆಗೆ ಬರಬೇಕು. ಅಮಾವಾಸ್ಯೆ ಕಳೆದು ಚಂದ್ರ ಮೂಡಿದಾಗ ಗುಹೆಯಲ್ಲಿ ಮಂಜಿನ ಗುಳ್ಳೆಯೊಂದು ಹುಟ್ಟಿ, ಹದಿನೈದು ದಿನ ಬೆಳೆದು ಎರಡು ಗಜಕ್ಕೂ ತುಸು ಮೀರುತ್ತದೆ. ಕೃಷ್ಣಪಕ್ಷದಲ್ಲಿ ಕರಗುತ್ತ ಹೋಗಿ ಗುರುತಿಲ್ಲದಂತೆ ಮಾಯವಾಗುತ್ತದೆ. ಜನ ಅದನ್ನು ಮಹಾದೇವನೆಂದು ನಂಬುತ್ತಾರೆ. ಅವನು ಬರೆದುದರ ಸಾರ ಇದು. ಗಜವೆಂದರೆ ಅಕ್ಬರನು ಗೊತ್ತುಮಾಡಿದ ಗಜ ಎಂದು ಹೇಳುವಷ್ಟು ಎಚ್ಚರ ಅವನಿಗಿದೆ. ಆದರೂ ಇದು ಕೇಳಿ ಬರೆದದ್ದೆಂದೇ ತೋರುತ್ತದೆ. ಚಾವಣಿಯ ಬಿರುಕುಗಳಿಂದ ತೊಟ್ಟಿಕ್ಕುವ ನೀರು ತಣ್ಣನೆಯ ನೆಲಕ್ಕೆ ಬಿದ್ದು ಪದರಪದರವಾಗಿ ಹೆಪ್ಪುಗಟ್ಟಿ ಈ ಲಿಂಗ ಏಳುತ್ತದೆ. ಅದಕ್ಕೆ ಬೇಕಾದದ್ದು ನೀರು ಜಿನುಗುವಷ್ಟು ಕರಗುವಿಕೆ, ಬಿದ್ದ ನೀರು ಗಟ್ಟಿಯಾಗುವಷ್ಟು ಚಳಿ. ಇವೆರಡೂ ಕೂಡುವುದು ಚಳಿಗಾಲ ಹಿಂದೆ ಸರಿಯುವ ಹೊತ್ತಿನಲ್ಲಿ. ಬೇಸಿಗೆ ಬಲಿತಂತೆ ಲಿಂಗ ಇಳಿಯುತ್ತದೆ. ಪಕ್ಷದ ಲೆಕ್ಕಕ್ಕೆ ಅದು ಏರಿಳಿಯುವುದಿಲ್ಲ. ಯಾತ್ರೆ ಮುಗಿಯುವುದು ಶ್ರಾವಣ ಹುಣ್ಣಿಮೆಗೆ. ಹುಣ್ಣಿಮೆಗೆ ಹೋಗಿ ಲಿಂಗ ಕಂಡು ಬಂದವರು ಅದರ ವೃದ್ಧಿಯನ್ನು ಚಂದ್ರನಿಗೆ ಜೋಡಿಸಿದ್ದು ಸಹಜವೇ. ಅಬುಲ್ ಫಜಲನ ಬರಹದಲ್ಲಿ ನಮಗೆ ಸಿಗುವುದು ಯಾತ್ರಿಕರ ಆ ನಂಬಿಕೆ.

ಔರಂಗಜೇಬನ ಪರಿವಾರದೊಡನೆ ಕಾಶ್ಮೀರಕ್ಕೆ ಬಂದ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ, ವಿಚಿತ್ರವಾಗಿ ಹೆಪ್ಪುಗಟ್ಟಿದ ಆಕೃತಿಗಳಿರುವ ಗುಹೆಯೊಂದಕ್ಕೆ ಹೊರಟಿದ್ದ. ಅದು ಅಮರನಾಥವೇ ಎಂದು ಹಲವರ ಅಭಿಪ್ರಾಯ. ಇಷ್ಟು ದಿನ ಎಲ್ಲಿ ಹೋದನೆಂದು ಅವನ ಆಶ್ರಯದಾತನಾದ ನವಾಬ ಚಡಪಡಿಸುತ್ತಿದ್ದಾನೆಂಬ ಸುದ್ದಿ ಬಂದು, ಗುಹೆ ಕಾಣದೆಯೇ ತಿರುಗಿದ. ಇಂಗ್ಲಿಷ್ ಪ್ರವಾಸಿ ಜಿ. ಟಿ. ವೀನ್‌ನದೂ ಅದೇ ಗತಿ, ಅವನನ್ನು ಹವೆ ತಡೆಯಿತು. ಆದರೂ 1842ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಶ್ರಾವಣದ ಯಾತ್ರೆಯ ವಿವರ ಇದೆ. 1850ರ ‘ಪತ್ತೆ’ಗೆ ಮುಂಚೆಯೇ ಯಾತ್ರೆ ನಡೆಯುತ್ತಿತ್ತೆಂಬುದು ಇದರಿಂದ ನಿಶ್ಚಿತ.

ಹಾಗಾದರೆ ಬೂಟಾ ಮಲಿಕನ ಕಥೆ ಏನು? ಬೆಟ್ಟದಲ್ಲಿ ಸಾಧುವೊಬ್ಬ ಅವನಿಗೆ ಒಂದು ಚೀಲ ಇದ್ದಿಲು ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಹೊನ್ನು. ಕೃತಜ್ಞತೆ ಹೇಳಲು ಓಡಿದಾಗ ಸಾಧು ಇರಲಿಲ್ಲ, ಗುಹೆ ಇತ್ತು. ಇದನ್ನು ತಾರೀಕಿನ ದಾಖಲೆಯಾಗಿ ಓದಿದರೆ ನಿಲ್ಲದು. ಹಕ್ಕಿನ ದಾಖಲೆಯಾಗಿ ಓದಿದಾಗ ಅರ್ಥ ತೆರೆದುಕೊಳ್ಳುತ್ತದೆ. 1895ರಲ್ಲಿ ಬಂದ ವಾಲ್ಟರ್ ಲಾರೆನ್ಸನ ‘ದಿ ವ್ಯಾಲಿ ಆಫ್ ಕಾಶ್ಮೀರ್’ ಇದಕ್ಕೆ ಕೀಲಿಕೈ. ಅದರ ಪ್ರಕಾರ ಬಟಕೋಟ್ ಹಳ್ಳಿಯ ಮಲಿಕರು, ಅಂದರೆ ಬೂಟಾನ ಮನೆತನದವರು, ದಾರಿಯನ್ನು ದುರಸ್ತಿಯಲ್ಲಿಡಬೇಕು, ಯಾತ್ರಿಕರಿಗೆ ದಾರಿ ತೋರಿಸಬೇಕು, ಕಾಯಿಲೆಯಾದವರನ್ನು ಹೊತ್ತು ತರಬೇಕು, ಕಳವಾಗದಂತೆ ನೋಡಿಕೊಳ್ಳಬೇಕು. ಪ್ರತಿಯಾಗಿ ಕಾಣಿಕೆಯಲ್ಲಿ ಮೂರರಲ್ಲೊಂದು ಪಾಲು. ಮುಸಲ್ಮಾನ ಕುಟುಂಬವೊಂದು ಶಿವನ ಗುಹೆಯ ಕಾಣಿಕೆಯಲ್ಲಿ ಹಕ್ಕು ಪಡೆದದ್ದು ಈ ದುಡಿಮೆಯಿಂದ. ಆ ಹಕ್ಕಿನ ಮೂಲ ಯಾವುದೆಂದು ಕೇಳಿದವರಿಗೆ ಇದ್ದಿಲು ಹೊನ್ನಾದ ಕಥೆ ಉತ್ತರ ಕೊಡುತ್ತದೆ. ನಮ್ಮ ದೇವಸ್ಥಾನಗಳ ಎಷ್ಟೋ ಸ್ಥಳಪುರಾಣಗಳಲ್ಲಿ ದನ ಕಾಯುವವನಿಗೋ ಬೇಡನಿಗೋ ಲಿಂಗ ಸಿಕ್ಕು, ಅವನ ಮನೆತನಕ್ಕೆ ಜಾತ್ರೆಯ ಮೊದಲ ಮರ್ಯಾದೆ ಸಲ್ಲುವುದನ್ನು ಕಂಡವರಿಗೆ ಈ ತರ್ಕ ಹೊಸದಲ್ಲ.

ಗುಹೆಯ ಒಳಗನ್ನು ಹತ್ತಿರದಿಂದ ಹೇಳುವ ಹೆಸರಾಂತ ಬರಹ ಸಿಸ್ಟರ್ ನಿವೇದಿತಾ ಅವರದು. 1898ರ ಆಗಸ್ಟ್ 2ರಂದು ಸ್ವಾಮಿ ವಿವೇಕಾನಂದರ ಜೊತೆಯಲ್ಲಿ ಅವರು ಅಲ್ಲಿದ್ದರು.

ಮುಂದಿನ ನೂರು ವರ್ಷಗಳಲ್ಲಿ ಬದಲಾದದ್ದು ಜನರ ಸಂಖ್ಯೆ. 1996ರ ಆಗಸ್ಟಿನಲ್ಲಿ ಅಕಾಲ ಹಿಮಪಾತಕ್ಕೆ ಸಿಕ್ಕಿ 240ಕ್ಕೂ ಹೆಚ್ಚು ಯಾತ್ರಿಕರು ಸತ್ತರು. ಆ ಸಾವುಗಳನ್ನು ಬರಿಯ ಪ್ರಕೃತಿವಿಕೋಪವೆಂದು ಬರೆದು ಮುಗಿಸುವುದಕ್ಕೆ ನನ್ನ ಮನಸ್ಸು ಒಪ್ಪದು. ದಾರಿ ತಾಳುವುದಕ್ಕಿಂತ ಹೆಚ್ಚು ಮಂದಿ ಒಮ್ಮೆಗೇ ಮೇಲೆ ಹತ್ತಿದ್ದರು. ನಿತೀಶ್ ಸೇನ್‌ಗುಪ್ತಾ ಸಮಿತಿ ವಿಚಾರಣೆ ನಡೆಸಿತು. 2000ದ ಕಾಯಿದೆಯ ಮೂಲಕ ಶ್ರೀ ಅಮರನಾಥಜಿ ದೇವಾಲಯ ಮಂಡಳಿ ರೂಪುಗೊಂಡಿತು, ಕಾಣಿಕೆಯ ಹಳೆಯ ಪಾಲುದಾರಿಕೆ ಅಲ್ಲಿಗೆ ಮುಗಿಯಿತು. ಲಿಂಗವೂ ಮೊದಲಿನಂತಿಲ್ಲ. ಇತ್ತೀಚಿನ ಹಲವು ವರ್ಷಗಳಲ್ಲಿ ಯಾತ್ರೆ ಮುಗಿಯುವ ಎಷ್ಟೋ ಮೊದಲೇ ಅದು ಕರಗಿದೆ. 2022ರ ಜುಲೈ 8ರಂದು ಗುಹೆಯ ಬುಡದ ಹಳ್ಳದಲ್ಲಿ ಹಠಾತ್ ಪ್ರವಾಹ ನುಗ್ಗಿ ಡೇರೆಗಳನ್ನೂ ಜನರನ್ನೂ ಎಳೆದೊಯ್ದಿತು.

ದಾರಿಯ ಕೆಲಸ ಈಗ ಗಡಿ ರಸ್ತೆಗಳ ಸಂಸ್ಥೆಯ ಕೈಯಲ್ಲಿದೆ. 2023ರ ನವೆಂಬರಿನಲ್ಲಿ, ಯಾತ್ರೆ ಮುಗಿದ ಮೇಲೆ, ಗುಹೆಗೆ ಹೋಗುವ ಇನ್ನೊಂದು ದಾರಿಯಾದ, ಅಗಲ ಮಾಡಿದ ಬಾಲ್ತಾಲ್ ದಾರಿಯಲ್ಲಿ ಆ ಸಂಸ್ಥೆಯ ವಾಹನಗಳು ಮೊದಲ ಬಾರಿಗೆ ಗುಹೆಯವರೆಗೆ ಹೋಗಿ ನಿಂತವು.